ಪುಣೆಗೆ ಬರುವ ಮೊದಲು ಒಂದಿಷ್ಟು ಮರಾಠಿ

ತಮ್ಮಾ, ಗದಗಿನಲ್ಲಿ ಎಲೆಕ್ಟ್ರಿಕಲ್ ಮುಗಿಸಿದ್ದೀಯ. ಊರೂರಿಗೆ ಪುಟ್ಟ ವಿದ್ಯುತ್ ಜಾಲ ಕಟ್ಟುವ ಪುಣೆಯ ಮೈಕ್ರೋಗ್ರಿಡ್ ಕಂಪನಿಯೊಂದು ಕರೆದಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬರಲಾ, ಊರು ಹೊಂದುತ್ತಾ ಅಂತ ಕೇಳಿದ್ದೀಯ. ನಾನು ಬಂದು ಹದಿನಾಲ್ಕು ವರ್ಷ ಆಯಿತು. ಊರು ಹೊಂದುತ್ತದೆ. ಹುಬ್ಬಳ್ಳಿಯಿಂದ ವಂದೇ ಭಾರತ್ ಇದೆ, ನಮ್ಮ ಜೋಳದ ರೊಟ್ಟಿ ಇಲ್ಲಿ ಭಾಕರಿ ಆಗಿದೆ, ಮಾತಿಗೆ ಕನ್ನಡ ಸಂಘ ಇದೆ. ಬಾಡಿಗೆ ಮಾತ್ರ ಜಾಸ್ತಿ.

ಕೆಲಸದ ಮಾತು ಬೇರೆ. ಪಾವಗಡದ ಸೋಲಾರ್ ಪಾರ್ಕಿನ 2,050 ಮೆಗಾವಾಟ್ ಮನಸ್ಸಿನಲ್ಲಿಟ್ಟುಕೊಂಡು ಬರಬೇಡ. ಪುಣೆ ಜಿಲ್ಲೆಯದೇ ಜುನ್ನರ್ ತಾಲೂಕಿನ ದರೇವಾಡಿಯಲ್ಲಿ 2012ರಲ್ಲಿ ಹಾಕಿದ ಸೌರ ಮೈಕ್ರೋಗ್ರಿಡ್ ಬರೀ 9.4 ಕಿಲೋವಾಟ್. ಅದರಲ್ಲೇ 39 ಮನೆ.

ನಾನು ಕೆಲಸ ಮಾಡಿದ ಮೊದಲ ಊರೂ ಅಂಥದ್ದೇ ಒಂದು ಗುಡ್ಡದ ವಾಡಿ, ಅಂದರೆ ಪುಟ್ಟ ಹಳ್ಳಿ. ದಿನಾ ಸಂಜೆ ಏಳಕ್ಕೆ ಫೋನ್: 'ಲೈಟ್ ಗೇಲಿ!' ಕರೆಂಟು ಹೋಯಿತು ಅಂತ. ಹೋಗಿ ಇನ್ವರ್ಟರ್ ಸೆಟ್ಟಿಂಗ್ ಬದಲಿಸಿದೆ, ಕೇಬಲ್ ಬದಲಿಸಿದೆ. ಮತ್ತೆ ಫೋನ್. ಕೊನೆಗೆ ಒಂದು ರಾತ್ರಿ ಅಲ್ಲೇ ಉಳಿದೆ. ಮನೆಮನೆಯಲ್ಲೂ ಟಿವಿ ಹಚ್ಚಿರುವ ಹೊತ್ತಿಗೇ ಹಿಟ್ಟಿನ ಗಿರಣಿ ಶುರುವಾಯಿತು. ಮೋಟಾರು ಎದ್ದೇಳುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ ಅಲ್ವಾ? ಇನ್ವರ್ಟರ್ ಟ್ರಿಪ್. ದೊಡ್ಡ ಇನ್ವರ್ಟರ್‌ಗೆ ನಾನು ಲೆಕ್ಕ ಹಾಕುತ್ತಾ ಕೂತೆ. ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಆಜಿ ಅಂದರು, 'ಊನ್ ಅಸತಾನಾ ದಳೂನ್ ಘೇಊ.' ಬಿಸಿಲಿರುವಾಗಲೇ ಬೀಸಿಕೊಳ್ಳೋಣ ಅಂತ. ನನಗೆ ಅರ್ಥವಾಗಲಿಲ್ಲ, ಸುಮ್ನೆ ತಲೆಯಾಡಿಸಿದೆ. ಎರಡು ವಾರದ ಮೇಲೆ ಜೊತೆಗಾರನೊಬ್ಬ ಬಿಡಿಸಿ ಹೇಳಿದ. ಊರ ಸಮಿತಿ ಗಿರಣಿಗೆ ಹನ್ನೊಂದರಿಂದ ಮೂರು ಅಂತ ಹೊತ್ತು ಇಟ್ಟಿತು. ಪ್ಯಾನಲ್ಲಿನ ಕರೆಂಟು ನೇರವಾಗಿ ಗಿರಣಿಗೆ, ಬ್ಯಾಟರಿಗೂ ಆರಾಮ.

ಇನ್ನು ಮಳೆಗಾಲ. ಸಹ್ಯಾದ್ರಿಯಲ್ಲಿ ವಾರಗಟ್ಟಲೆ ಮೋಡ. ಬ್ಯಾಟರಿ ಅಳತೆಯನ್ನು ಏಪ್ರಿಲ್ ಬಿಸಿಲಿಗೆ ಹಾಕಿದವರು ಜುಲೈನಲ್ಲಿ ಬೈಸಿಕೊಳ್ಳುತ್ತಾರೆ. ನಾನೂ ಬೈಸಿಕೊಂಡಿದ್ದೇನೆ. ಲೆಡ್ ಆಸಿಡ್ ಬ್ಯಾಟರಿ ಬದಲಿಸುವ ದುಡ್ಡನ್ನು ಸಮಿತಿ ತಿಂಗಳ ಬಿಲ್ಲಿನಿಂದಲೇ ಕೂಡಿಸಬೇಕು. ಅದನ್ನು ಒಪ್ಪಿಸುವುದೂ ನಿನ್ನ ಕೆಲಸವೇ, ಅದೂ ಮರಾಠಿಯಲ್ಲಿ.

ಊರಿಗೆ ಸರ್ಕಾರಿ ಲೈನ್ ಬಂದರೆ ಮುಂದೇನು ಅನ್ನುತ್ತೀಯ. ಬಂದೇ ಬಂತು, ಕೆಲವು ಕಡೆ ನಮ್ಮ ಪ್ಯಾನಲ್ಲುಗಳು ಧೂಳು ಹಿಡಿದವು. ನನ್ನ ಅರ್ಧ ಕೆಲಸ ಈಗ ಚಾಕಣ್ ಕಡೆಯ ಕಾರ್ಖಾನೆಗಳಲ್ಲಿ: ಸೋಲಾರ್, ಲಿಥಿಯಂ ಬ್ಯಾಟರಿ, ಡೀಸೆಲ್ ಜನರೇಟರ್ ಮೂರನ್ನೂ ಒಂದೇ ಕಂಟ್ರೋಲರ್‌ಗೆ ಕಟ್ಟುವುದು. ಕಲಿತದ್ದು ಹಳ್ಳಿಯಲ್ಲಿ, ಸಂಬಳ ಇಲ್ಲಿ.

ಬಾ. ಬರುವಾಗ ನಿನ್ನದೇ ಮಲ್ಟಿಮೀಟರ್ ತಾ. ಆಫೀಸಿನದು ಯಾವಾಗಲೂ ಇನ್ನೊಬ್ಬರ ಬ್ಯಾಗಿನಲ್ಲಿರುತ್ತದೆ.