ಕೊಟ್ಟವರ ಮೇಲೆ ಸಿಟ್ಟು ಮಾಡೋದು ಹೇಗೆ?

ಮಳೆಗಾಲ ಹತ್ರ ಬಂದ್ರೆ ಸಾಕು, ನನ್ನ ಹತ್ರ ಮಕ್ಕಳ ವಿಷಯಕ್ಕೆ ಸಲಹೆ ಕೇಳೋಕೆ ಒಂದೇ ಥರದ ಅಪ್ಪ-ಅಮ್ಮಂದಿರು ಬರೋಕೆ ಶುರು ಮಾಡ್ತಾರೆ. ಮಗ ಮಾತು ಕೇಳೋದಿಲ್ಲ, ಮಗಳು ಎದುರು ಮಾತಾಡ್ತಾಳೆ, ಕೂದಲಿಗೆ ಬಣ್ಣ ಹಚ್ಚಿದ್ದಾನೆ, ಕಾಲೇಜು ಅಂತ ಹೇಳಿ ಎಲ್ಲೋ ಹೋಗ್ತಾಳೆ. ಸ್ವಲ್ಪ ಕೂತು ಮಾತಾಡಿಸಿದ್ರೆ ಆಮೇಲೆ ಗೊತ್ತಾಗೋದು, ಇವರ ಮನೆ 2019ರ ನೆರೆಯಲ್ಲಿ ಮುಳುಗಿತ್ತು, ಇಲ್ಲಾಂದ್ರೆ 2021ರಲ್ಲಿ, ಕೆಲವರದ್ದು ಎರಡೂ ಸಲ. ಅದನ್ನ ಅವರಾಗೇ ಹೇಳೋದಿಲ್ಲ. ದೊಡ್ಡವರ ಲೆಕ್ಕದಲ್ಲಿ ಅದು ಮುಗಿದ ವಿಷಯ, ಪಂಚನಾಮೆ ಆಯ್ತು, ಪರಿಹಾರ ಬಂತು, ಮಗುವಿನ ಈಗಿನ ಹಟಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳ್ತಾರೆ. ಸಂಬಂಧ ಉಂಟು. ಅದಕ್ಕೇ ಈ ಒಂದು ಹುಡುಗಿಯ ವಿಷಯ ಬರೀತಿದ್ದೇನೆ, ಅವಳನ್ನೂ ಅವಳ ಅಪ್ಪ-ಅಮ್ಮನ್ನೂ ಕೇಳಿಯೇ ಬರೀತಿದ್ದೇನೆ, ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.

ಉತ್ತರ ಕನ್ನಡದಲ್ಲಿ ಕಾಳಿ ನದಿ ದಂಡೆಯ ಒಂದು ಹಳ್ಳಿ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆಗೆದು ನೀರು ಬಿಟ್ಟಾಗ ಕೆಳಗಿನ ಊರುಗಳಿಗೆಲ್ಲ ನೀರು ನುಗ್ಗಿದ್ದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆಗ ಅವಳಿಗೆ 12 ವರ್ಷ. ಮಣ್ಣಿನ ಗೋಡೆಯ ಮನೆ, ಕೂತುಬಿಡ್ತು. ಗಂಜಿ ಕೇಂದ್ರದಲ್ಲಿ ಕೆಲವು ದಿನ ಇದ್ದು ಆಮೇಲೆ ಕಾರವಾರದ ಹತ್ರ ಸೋದರಮಾವನ ಮನೆಗೆ ಬಂದ್ರು, ಶಾಲೆ ಬದಲಾಯ್ತು. ಹಳೇ ಜಾಗದಲ್ಲಿ ಹೊಸ ಮನೆ ಕಟ್ಟೋಕೆ ಎ ಕೆಟಗರಿಯಲ್ಲಿ, ಅಂದ್ರೆ ಪೂರ್ತಿ ಬಿದ್ದ ಮನೆ ಅಂತ, 5 ಲಕ್ಷ ಮಂಜೂರಾಯ್ತು, ಆದ್ರೆ ಅದು ಒಟ್ಟಿಗೆ ಕೈಗೆ ಬರೋ ದುಡ್ಡಲ್ಲ, ಒಂದೊಂದು ಹಂತ ಮುಗಿಸಿ ಫೋಟೊ ಆದ್ಮೇಲೆ ಒಂದೊಂದು ಕಂತು. ಅಷ್ಟರಲ್ಲಿ ಕೊರೊನಾ, ಅಪ್ಪನಿಗೆ ಗೌಂಡಿ ಕೆಲಸ ಇಲ್ಲ. 2021ರ ಜುಲೈಯಲ್ಲಿ ಎದ್ದು ನಿಂತಿದ್ದ ಗೋಡೆಗೂ ನೀರು ಬಂತು, ಅಪ್ಪನಿಗೆ ಮನಸ್ಸೇ ಮುರೀತು. ಮನೆ ಇವತ್ತಿಗೂ ಲಿಂಟೆಲ್ ಮಟ್ಟದಲ್ಲೇ ಉಂಟು. ಅವರು ಇನ್ನೂ ಮಾವನ ಮನೆಯಲ್ಲೇ.

ಹುಡುಗಿ ಹೈಸ್ಕೂಲ್ ಮುಗಿಯೋವರೆಗೆ ಬಹಳ ಪಾಪದವಳು ಅಂತ ಎಲ್ಲರೂ ಹೇಳ್ತಾರೆ. ಕಾಲೇಜಿಗೆ ಬಂದ್ಮೇಲೆ ಬದಲಾದ್ಲು. 2024ರ ಜುಲೈಯಲ್ಲಿ, ಶಿರೂರಿನಲ್ಲಿ ಗುಡ್ಡ ಕುಸಿದು ಜಿಲ್ಲೆಗೆ ಜಿಲ್ಲೆಯೇ ಅದೇ ಮಾತಾಡ್ತಿದ್ದ ದಿನಗಳವು, ಯಾವುದೋ ಸಂಘದವರು ಕಾಲೇಜಿನಲ್ಲಿ ನೆರೆ ಸಂತ್ರಸ್ತ ಮಕ್ಕಳಿಗೆ ಬ್ಯಾಗು ಪುಸ್ತಕ ಕೊಡೋ ಕಾರ್ಯಕ್ರಮ ಇಟ್ರು, ಇವಳ ಹೆಸರು ಕರೆದು ಸ್ಟೇಜಿನ ಮೇಲೆ ನಿಲ್ಲಿಸಿ ಮೈಕ್ ಕೈಗೆ ಕೊಟ್ಟು ನಿನ್ನ ಕಷ್ಟ ನಾಲ್ಕು ಮಾತಲ್ಲಿ ಹೇಳಮ್ಮ ಅಂದ್ರು. ಇವಳು "ನಂಗೆ ಕಷ್ಟ ಇಲ್ಲ" ಅಂದು ಮೈಕ್ ಟೇಬಲ್ ಮೇಲಿಟ್ಟು ಬ್ಯಾಗೂ ತಗೊಳ್ಳದೆ ಇಳಿದು ಬಂದ್ಲು. ಅದೇ ವಾರ ಉದ್ದ ಜಡೆಯನ್ನ ತಾನೇ ಕತ್ತರಿಯಲ್ಲಿ ಕತ್ತರಿಸ್ಕೊಂಡ್ಲು. ಕ್ಲಾಸಿಗೆ ಚಕ್ಕರ್ ಹೊಡಿಯೋಕೆ ಶುರು, ಗೋವಾಕ್ಕೆ ಹೋಗ್ತಾಳಂತೆ, ಯಾರದೋ ಬೈಕ್ ಹಿಂದೆ ಕಂಡಳಂತೆ, ಸುದ್ದಿ ಶುರು.

ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದು ಲಾರಿ ನದಿಗೆ ಬಿತ್ತಲ್ಲ, ಆ ರಾತ್ರಿ ಇವಳು ಮನೆಯಲ್ಲಿ ಇರ್ಲಿಲ್ಲ. ಸುದ್ದಿ ಕೇಳಿದ ಅಪ್ಪ ಮಗಳು ಗೋವಾದಿಂದ ಬರ್ತಾ ಸೇತುವೆ ಮೇಲೇ ಇದ್ಲು ಅಂತ ತಿಳ್ಕೊಂಡು ಆ ಮಳೆಯಲ್ಲಿ ಕೋಡಿಬಾಗದವರೆಗೆ ಓಡಿದ್ರಂತೆ. ಅವಳು ಪೇಟೆಯಲ್ಲಿ ಗೆಳತಿ ಮನೆಯಲ್ಲಿ ಮಲಗಿದ್ಲು. ಮರುದಿನ ಕೆನ್ನೆಗೆ ಏಟು ಬಿತ್ತು, ಆ ವಾರವೇ ನನ್ನ ಹತ್ರ ಕರ್ಕೊಂಡು ಬಂದ್ರು. ಅಪ್ಪನ ಮೊದಲ ಮಾತು, "ಅಕ್ಕೋರೆ, ಇಷ್ಟು ಜನ ಇಷ್ಟು ಮಾಡಿದ್ರು ಇವಳಿಗೆ, ಒಂಚೂರು ಉಪಕಾರ ಸ್ಮರಣೆ ಬೇಡ್ವಾ?"

ಮೊದಲನೇ ಭೇಟಿಯಲ್ಲಿ ಅವಳು ಮಾತೇ ಆಡ್ಲಿಲ್ಲ ಅನ್ನಬಹುದು. ನಾನು ಖಚಿತ ಮಾಡ್ಕೊಂಡಿದ್ದು ನಿದ್ದೆ ಬರ್ತದಾ, ಊಟ ಸೇರ್ತದಾ, ಜೀವಕ್ಕೆ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಉಂಟಾ ಅಂತ. ಅಂಥದ್ದು ಇರ್ಲಿಲ್ಲ. ಇದ್ದಿದ್ರೆ ದಾರಿ ಬೇರೆ, ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ರ ಕಳಿಸ್ತಿದ್ದೆ. ಹಾಗೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನ ಮನೆಯವರ ಫೋನಲ್ಲೂ ಅವಳ ಫೋನಲ್ಲೂ ಸೇವ್ ಮಾಡಿಸಿದೆ, ಅದು ಫ್ರೀ, ರಾತ್ರಿ ಹಗಲು ಸಿಗ್ತದೆ, ಎಲ್ಲ ಮನೆಗಳಲ್ಲೂ ಇರಬೇಕಾದ್ದು.

ಎರಡನೇ ಸಲ ಬಂದಾಗ ಒಬ್ಬಳೇ ಬಂದ್ಲು. ಹೊರಗೆ ಎಲ್ಲರ ಚಪ್ಪಲಿ ಇರೋ ಜಾಗದಲ್ಲಿ ಚಪ್ಪಲಿ ಬಿಡದೆ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಒಳಗೇ ತಂದು ಕುರ್ಚಿ ಪಕ್ಕ ಇಟ್ಕೊಂಡ್ಲು. ಯಾಕೆ ತಂಗಿ, ಇಲ್ಲಿ ಯಾರೂ ಕದಿಯೋದಿಲ್ಲ ಅಂದೆ.

"ಕದೀತಾರೆ ಅಂತ ಅಲ್ಲ ಅಕ್ಕೋರೆ. ಇದು ನಂದು."

ನಾನು ಸುಮ್ನಿದ್ದೆ. ಅವಳು ತನ್ನ ಮೈಮೇಲಿದ್ದದ್ದನ್ನ ಒಂದೊಂದೇ ಮುಟ್ಟಿ ತೋರಿಸ್ತಾ ಹೋದ್ಲು. ಈ ಚೂಡಿದಾರ ಹುಬ್ಬಳ್ಳಿ ಕಡೆಯಿಂದ ಬಂದ ಮೂಟೆಯದ್ದು, ಅವ್ವಿ ಅಲ್ಟರ್ ಮಾಡಿದ್ದು. ವಾಚು ಮಾವನ ಮಗಳದ್ದು, ಅವಳಿಗೆ ಹೊಸದು ಬಂದ್ಮೇಲೆ ನಂಗೆ. ಫೋನು ಕೊರೊನಾ ಟೈಮಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಒಬ್ಬರು ಮಾಸ್ತರು ಕೊಟ್ಟಿದ್ದು, ಫೀಸು ಇನ್ಯಾರೋ ಕಟ್ಟಿದ್ದು. ಆಮೇಲೆ ಕೊಟ್ಟೆ ಕಡೆ ತೋರಿಸಿ, ಇದೊಂದು ನಾನು ದುಡಿದು ತಗೊಂಡಿದ್ದು ಅಂದ್ಲು. ಕ್ಲಾಸಿಗೆ ಚಕ್ಕರ್ ಹೊಡೆದು ಅವಳು ಹೋಗ್ತಿದ್ದಿದ್ದು ಗೋವಾಕ್ಕಲ್ಲ, ಪೇಟೆಯ ಒಂದು ಬೇಕರಿಗೆ, ಕೌಂಟರಿನಲ್ಲಿ ನಿಂತು ಕೇಕ್ ಕಟ್ಟಿಕೊಡೋ ಕೆಲಸಕ್ಕೆ.

ಮನೆಯಲ್ಲಿ ಯಾಕೆ ಹೇಳ್ಲಿಲ್ಲ ಅಂತ ಕೇಳ್ದೆ. ಹೇಳಿದ್ರೆ ಮಾವನಿಗೆ ಬೇಜಾರಾಗ್ತದೆ, ನಮ್ಮನೇಲಿ ಏನು ಕಡಿಮೆ ಮಾಡಿದ್ವಿ ಅಂತಾರೆ ಅಂದ್ಲು. ಮಾವ ಹೆಂಗೆ, ಬೈತಾರಾ ಅಂದೆ. "ಇಲ್ಲ, ಒಂದು ದಿವಸನೂ ಬೈದಿಲ್ಲ. ಅವರ ಮಕ್ಕಳಿಗೆ ಬೈತಾರೆ, ಹೊಡೀತಾರೆ, ನಂಗೆ ಮಾತ್ರ ಬೈಯೂದಿಲ್ಲ. ಬೈದಿದ್ರೆ ಒಳ್ಳೇದಿತ್ತು." ಊಟಕ್ಕೆ ಕೂತಾಗ ಬಂಗಡೆಯ ಎರಡನೇ ತುಂಡು ಬೇಕು ಅಂತ ಐದು ವರ್ಷದಲ್ಲಿ ಒಂದ್ಸಲನೂ ಕೇಳಿಲ್ಲ ಅಂತ ಹೇಳಿದ್ಲು, ಕೇಳಿದ್ರೆ ಖಂಡಿತ ಹಾಕ್ತಾರೆ, ಅದು ಗೊತ್ತಿದ್ದೇ ಕೇಳೋದಿಲ್ಲ.

ಇಷ್ಟೆಲ್ಲ ಒಳಗಿಟ್ಕೊಂಡು ಸಿಟ್ಟು ಬರೋದಿಲ್ವಾ ತಂಗಿ ಅಂದೆ. ಆಗ ಅವಳು ನನ್ನ ಮುಖ ನೋಡಿ ಹೇಳಿದ್ದು ಇದು.

"ಬರ್ತದೆ. ಆದ್ರೆ ಯಾರ ಮೇಲೆ ಮಾಡುದು ಅಕ್ಕೋರೆ? ಎಲ್ಲರೂ ಕೊಟ್ಟವರೇ."

ನನಗೆ ಪೂರ್ತಿ ಪ್ರಕರಣ ಆ ಮಾತಲ್ಲಿ ಸಿಕ್ತು. ಹದಿನಾರು ಹದಿನೇಳನೇ ವಯಸ್ಸು ಅಂದ್ರೆ ಅಪ್ಪ-ಅಮ್ಮನ ಜೊತೆ ಜಗಳ ಆಡಿ, ನಂಗೆ ಇದು ಬೇಡ ಅದು ಬೇಕು ಅಂತ ಹೇಳಿ, ಸ್ವಲ್ಪ ಬಾಗಿಲು ಬಡಿದು, ನಾನು ಯಾರು ಅಂತ ಕಂಡ್ಕೊಳ್ಳೋ ವಯಸ್ಸು. ಬೇರೆ ಮಕ್ಕಳು ಅದನ್ನ ದಿನಾ ಮಾಡ್ತಾರೆ, ಯಾರಿಗೂ ವಿಶೇಷ ಅನಿಸೋದಿಲ್ಲ. ಇವಳಿಗೆ ಆ ಅವಕಾಶ ಇಲ್ಲ, ಯಾಕಂದ್ರೆ ಅವಳು "ಬೇಡ" ಅಂದ್ರೆ ಅದು ಬರೀ ಹಟ ಆಗೋದಿಲ್ಲ, ಕೃತಘ್ನತೆ ಆಗ್ತದೆ. ಹನ್ನೆರಡನೇ ವರ್ಷದಿಂದ ಅವಳಿಗೆ ಊರು ಕೊಟ್ಟ ಗುರುತು ಒಂದೇ, ನೆರೆ ಹುಡುಗಿ. ಅದು ಅವಳು ಆರಿಸ್ಕೊಂಡಿದ್ದಲ್ಲ. ಜಡೆ ಕತ್ತರಿಸಿದ್ದು, ಮೈಕ್ ಇಟ್ಟು ಇಳಿದಿದ್ದು ಎರಡೂ ಆ ಗುರುತನ್ನ ಮೈಯಿಂದ ಕಿತ್ತು ಹಾಕೋ ಕೆಲಸ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ ಅಂತಲೂ ಹೇಳ್ಬೇಕು. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಆಮೇಲೆ 1986ರಲ್ಲಿ ಶಂಕುಸ್ಥಾಪನೆ ಆದ ಸೀಬರ್ಡ್ ನೌಕಾನೆಲೆ. ಯೋಜನೆಗಳ ಹೆಸರಲ್ಲಿ ಊರು ಬಿಟ್ಟವರ ಮೊಮ್ಮಕ್ಕಳು ಈಗ ಕಾಲೇಜಿಗೆ ಹೋಗ್ತಿದ್ದಾರೆ, ಅವರಿಗೂ ನಿರಾಶ್ರಿತರ ಕಾಲನಿಯವ್ರು ಅನ್ನೋ ಹೆಸರು ಬಿಟ್ಟಿಲ್ಲ. ತಾವು ಕಂಡೇ ಇರದ ಊರಿನ ನಷ್ಟ ಅವರ ಹೆಸರಿನ ಜೊತೆ ಅಂಟ್ಕೊಂಡಿದೆ.

ಡೊನಾಲ್ಡ್ ವಿನಿಕಾಟ್ ಅಂತ ಬ್ರಿಟನ್ನಿನ ಮಕ್ಕಳ ವೈದ್ಯರು ಎರಡನೇ ಮಹಾಯುದ್ಧದ ಟೈಮಲ್ಲಿ, ಬಾಂಬ್ ಭಯಕ್ಕೆ ಪೇಟೆಯಿಂದ ಹಳ್ಳಿಗೆ ಸಾಗಿಸಿದ ಮಕ್ಕಳ ಜೊತೆ ಕೆಲಸ ಮಾಡಿದವರು. ಯಾರ ಮನೆಯಲ್ಲೂ ನಿಲ್ಲದ, ಕದಿಯೋ, ಓಡಿಹೋಗೋ ಮಕ್ಕಳ ಹಾಸ್ಟೆಲ್‌ಗಳಿಗೆ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಅವರೇ ಸಲಹೆಗಾರರು. ಅವರು ಕಂಡ್ಕೊಂಡಿದ್ದು, ಅಂಥ ಮಗುವಿನ ಕೆಟ್ಟ ವರ್ತನೆಯೊಳಗೆ ಒಂದು ಆಸೆ ಉಂಟು, ಕಳ್ಕೊಂಡಿದ್ದನ್ನ ಮತ್ತೆ ಕೇಳಬಹುದು, ಈ ಜನ ನನ್ನ ಸಿಟ್ಟು ತಡ್ಕೊಳ್ತಾರೆ ಅನ್ನೋ ಆಸೆ. ನಾನು ಇದನ್ನ ಪೂರ್ತಿ ನಂಬ್ತೇನೆ. ಹಟ ಮಾಡೋ ಮಗುಗಿಂತ ಐದು ವರ್ಷ ಬಾಯಿ ಮುಚ್ಕೊಂಡು ಥ್ಯಾಂಕ್ಸ್ ಹೇಳಿದ ಮಗು ನನಗೆ ಹೆಚ್ಚು ಚಿಂತೆ ತರ್ತದೆ.

ಇನ್ನೊಬ್ಬರು ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಳೆದ ಮಕ್ಕಳ ಬಗ್ಗೆ, ಅವರು ದೊಡ್ಡವರಾಗೋವರೆಗೂ ಸಂಗ್ರಹಿಸಿದ್ದ ಮಾಹಿತಿ ಇಟ್ಕೊಂಡು ಕೆಲಸ ಮಾಡಿದವರು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ 1920-21ರಲ್ಲಿ ಹುಟ್ಟಿದ ಮಕ್ಕಳಿಗೆ ಕಷ್ಟ ಬಂದಾಗ ಹದಿಹರೆಯ ಹತ್ರ ಬಂದಿತ್ತು, ಹುಡುಗರು ಹೊರಗೆ ದುಡಿದ್ರು, ಹುಡುಗಿಯರು ಮನೆ ಜವಾಬ್ದಾರಿ ಹೊತ್ತರು, ಅಂಥವರಲ್ಲಿ ಬಹಳಷ್ಟು ಜನ ಮುಂದೆ ಗಟ್ಟಿಯಾಗೇ ನಿಂತರು. ಬಡತನ ಒಳ್ಳೇದು ಅಂತ ಇದರ ಅರ್ಥ ಅಲ್ಲ, ದಯವಿಟ್ಟು ಹಾಗೆ ಓದ್ಬೇಡಿ. ಅದೇ ಕಷ್ಟದಲ್ಲಿ ಇನ್ನೂ ಸಣ್ಣವರಿದ್ದ ಬರ್ಕ್ಲಿಯ ಹುಡುಗರಿಗೆ ಪೆಟ್ಟು ಜಾಸ್ತಿ ಬಿತ್ತು. ನಾನು ಇದರಿಂದ ತಗೊಂಡಿದ್ದು ಇಷ್ಟೇ: ಹದಿಹರೆಯದ ಮಗು ಮನೆಗೆ ನಿಜವಾಗಿ ಬೇಕಾದ ಒಂದು ಕೆಲಸ ಮಾಡೋಕೆ ಆದ್ರೆ, ಕಷ್ಟದ ಮಧ್ಯದಲ್ಲೂ ಅದಕ್ಕೆ ತಾನು ಅಂತ ಒಂದು ನೆಲೆ ಸಿಗ್ತದೆ. ಈ ಹುಡುಗಿಗೆ ಎಲ್ಲ ಸಿಕ್ಕಿತ್ತು, ಅದೊಂದು ಸಿಕ್ಕಿರ್ಲಿಲ್ಲ.

ಹಾಗಾಗಿ ನಾನು ಕೊಟ್ಟ ಸಲಹೆ ಅಪ್ಪನಿಗೆ ಮೊದಮೊದಲು ಒಪ್ಪಿಗೆ ಆಗ್ಲಿಲ್ಲ. ಬೇಕರಿ ಕೆಲಸ ಬಿಡಿಸ್ಬೇಡಿ ಅಂದೆ. ಕ್ಲಾಸು ತಪ್ಪಿಸೋ ಹಾಗಿಲ್ಲ, ಶನಿವಾರ ಮಧ್ಯಾಹ್ನ ಮತ್ತೆ ಭಾನುವಾರ ಮಾತ್ರ, ಕತ್ತಲಾಗೋ ಮೊದಲು ಮನೆಗೆ, ಅವ್ವಿ ಒಂದ್ಸಲ ಹೋಗಿ ಅಂಗಡಿಯವರನ್ನ ಮಾತಾಡಿಸಿ ಬರ್ಬೇಕು, ದುಡ್ಡು ಅವಳದ್ದೇ, ಲೆಕ್ಕ ಕೇಳ್ಬೇಡಿ. ಬಂದ ನೆಂಟರ ಮುಂದೆ ಅವಳು ಕೂತಿರುವಾಗ ನೆರೆ ಕಥೆ, ಯಾರು ಏನು ಕೊಟ್ರು ಅನ್ನೋ ಕಥೆ ನಿಲ್ಲಿಸಿ. ಕೈ ಎತ್ತೋದಂತೂ ಇನ್ನೊಂದು ಸಲ ಆಗಬಾರ್ದು. ಅವಳಿಗೂ ಹೇಳ್ದೆ, ಎಲ್ಲಿದ್ದೇನೆ ಅಂತ ಅಪ್ಪನಿಗೆ ತಿಳಿಸದೆ ರಾತ್ರಿ ಹೊರಗೆ ಉಳಿಯೋದು ಸ್ವಾತಂತ್ರ್ಯ ಅಲ್ಲ, ಎರಡು ಸಲ ಮನೆ ಕಳ್ಕೊಂಡ ಮನುಷ್ಯನಿಗೆ ಆ ರಾತ್ರಿ ಹೇಗಿತ್ತು ಅಂತ ಅವರ ಬಾಯಿಂದಲೇ ಕೇಳು ಅಂತ. ಕೇಳಿದ್ಲು. ಅಪ್ಪ ಅತ್ತಿದ್ದನ್ನ ಅವಳು ಮೊದಲು ನೋಡಿದ್ದು ಅವತ್ತೇ.

ಮುಖ್ಯ ಸಲಹೆ ಮನೆ ಫೈಲಿನದು. ನಿಂತು ಹೋದ ಕಂತಿನ ಕಾಗದಗಳೆಲ್ಲ ಒಂದು ಟ್ರಂಕಿನಲ್ಲಿದ್ವು, ಅಪ್ಪನಿಗೆ ಓದೋಕೆ ಬರೋದು ಕಷ್ಟ, ಯಾರೋ ಒಬ್ಬರನ್ನ ಕರ್ಕೊಂಡು ಹೋಗಿ ಕಚೇರಿಯಲ್ಲಿ ಕೈ ಮುಗಿದು ನಿಲ್ತಿದ್ರು. ಆ ಫೈಲನ್ನ ಮಗಳ ಕೈಗೆ ಕೊಡಿ ಅಂದೆ. ತಲಾಠಿಯನ್ನ, ಅಂದ್ರೆ ಊರಿನ ಕಂದಾಯ ಅಧಿಕಾರಿಯನ್ನ, ಕಾಣೋದು, ಅರ್ಜಿ ಬರೆದು ಸೀಲು ಹಾಕಿಸ್ಕೊಂಡು ಸ್ವೀಕೃತಿ ತಗೊಳ್ಳೋದು, ಯಾವ ಹಂತದಲ್ಲಿ ಯಾಕೆ ನಿಂತಿದೆ ಅಂತ ಲಿಖಿತವಾಗಿ ಕೇಳೋದು ಅವಳ ಜವಾಬ್ದಾರಿ. ಇದು ಬೇಡಿ ತಗೊಳ್ಳೋದಲ್ಲ, ಹಕ್ಕಿನದ್ದು ಕೇಳೋದು. ಸಿಟ್ಟಿಗೂ ಒಂದು ಸರಿಯಾದ ವಿಳಾಸ ಸಿಕ್ಕಿದ ಹಾಗೆ ಆಯ್ತು.

ಇದಕ್ಕೆ ನನ್ನನ್ನ ಬಹಳ ಜನ ಕೇಳಿದ್ರು. ಪರೀಕ್ಷೆ ವರ್ಷದಲ್ಲಿ ಕೆಲಸಕ್ಕೆ ಕಳ್ಸಿ ಅಂತೀರಲ್ಲ, ಹುಡುಗಿಯನ್ನ ಕಚೇರಿ ಅಲೆಸ್ತೀರಲ್ಲ, ತಲೆ ಮೇಲೆ ಕೂರಿಸ್ತಿದೀರಿ ಅಂತ. ಒಬ್ಬ ಲೆಕ್ಚರರ್ ನೇರವಾಗೇ ಹೇಳಿದ್ರು, ಕೊಟ್ಟಿದ್ದನ್ನ ಗೌರವಿಸೋದು ಕಲಿಸ್ಬೇಕು ನೀವು ಅಂತ. ನನ್ನ ಉತ್ತರ ಇಷ್ಟೇ, ಕ್ಲಾಸಿಗೆ ಅವಳು ಮೊದಲೇ ಹೋಗ್ತಿರ್ಲಿಲ್ಲ, ಬೈದು ಹೊಡೆದು ಆಗಿತ್ತು, ಅದರಿಂದ ಹಾಜರಿ ಬಂದಿರ್ಲಿಲ್ಲ. ಗೌರವ ಕಲಿಸೋ ವಿಷಯದಲ್ಲಿ, ಯಾವತ್ತೂ ತೀರಿಸೋಕಾಗದ ಸಾಲ ಹೊತ್ತವರಿಗೆ ಸಾಲ ಕೊಟ್ಟವನ ಮುಖ ನೋಡೋಕೂ ಕಷ್ಟ ಆಗ್ತದೆ, ಅದು ದೊಡ್ಡವರಿಗೂ ಗೊತ್ತಿರೋದೇ, ಮಕ್ಕಳಲ್ಲಿ ಮಾತ್ರ ಅದನ್ನ ಸೊಕ್ಕು ಅಂತ ಕರೀತೇವೆ.

ಡಿಸೆಂಬರಿನಲ್ಲಿ ಅವ್ವಿ ಫೋನ್ ಮಾಡಿ ಅತ್ರು, ಮಗಳು ಮಾವನ ಜೊತೆ ಜಗಳ ಆಡಿದ್ಲು, ಓದೋಕೆ ಕೂತಾಗ ಟಿವಿ ಸೌಂಡು ಕಡಿಮೆ ಮಾಡಿ ಅಂತ ಕೂಗಿದ್ಲು, ಮಾವನೂ ತಿರುಗಿ ಜೋರಾಗಿ ಬೈದ್ರು, ಈಗ ಮನೆ ಬಿಡಬೇಕಾಗ್ತದೋ ಏನೋ ಅಂತ. ನಾನು ಅವರಿಗೆ ಹೇಳಿದ್ದು, ಹೆದರ್ಬೇಡಿ, ಅವಳು ಆ ಮನೆಯ ಮಗಳಾಗೋಕೆ ಶುರು ಮಾಡಿದ್ದಾಳೆ. ಯಾರೂ ಮನೆ ಬಿಡ್ಲಿಲ್ಲ.

ಹುಡುಗಿ ಪಿಯುಸಿ ಪಾಸಾಗಿ ಬಿಕಾಂ ಸೇರಿದ್ದಾಳೆ. ಕಂತು ಇನ್ನೂ ಬಂದಿಲ್ಲ, ಫೈಲು ಮಾತ್ರ ಟ್ರಂಕಿನಿಂದ ಹೊರಗೆ ಬಂದಿದೆ, ಈಗ ಅಕ್ಕಪಕ್ಕದ ಎರಡು ಮನೆಯವರ ಅರ್ಜಿನೂ ಅವಳೇ ಬರ್ಕೊಡ್ತಾಳೆ. ಆ ಕಾಲೇಜಿನವರ ಜೊತೆ ಮಾತಾಡಿದ ಮೇಲೆ ಅವರು ಸಹಾಯಧನವನ್ನ ಸ್ಟೇಜ್ ಇಲ್ಲದೆ ಸೀದಾ ಮಕ್ಕಳ ಬ್ಯಾಂಕ್ ಖಾತೆಗೆ ಹಾಕೋಕೆ ಒಪ್ಪಿದ್ರು. ಸಂಘದವರು ಒಪ್ಪಿಲ್ಲ, ಫೋಟೊ ಇಲ್ದಿದ್ರೆ ದಾನಿಗಳು ಮುಂದಿನ ವರ್ಷ ಕೊಡೋದಿಲ್ಲ ಅಂತಾರೆ. ಅವರ ಕಷ್ಟನೂ ಸುಳ್ಳಲ್ಲ. ಮುಂದಿನ ಮಳೆಗಾಲದೊಳಗೆ ಅವರ ಜೊತೆ ಇನ್ನೊಂದು ಸಲ ಕೂತು ಮಾತಾಡೋದು ಅಂತ ಆಗಿದೆ, ನೀನೂ ಬರ್ತೀಯಾ ಅಂತ ಅವಳನ್ನ ಕೇಳಿದೆ, ಮೈಕ್ ಇಲ್ಲ ಅಂದ್ರೆ ಬರ್ತೇನೆ ಅಂದಿದ್ದಾಳೆ.