ಮಾತ್ರೆಯಿಂದ ಪೂರ್ತಿ ಹೋಗದ ಸಂಶಯಕ್ಕೆ ಮನಸ್ಸಿನ ತರಬೇತಿ

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಎರಡು ವರ್ಷದ ಹಿಂದೆ ಸ್ಕಿಜೋಫ್ರೀನಿಯಾ ಇದೆ ಅಂತ ಗೊತ್ತಾಯಿತು. ಮಾತ್ರೆ ತಪ್ಪಿಸುವುದಿಲ್ಲ. ನಿದ್ದೆ ಸರಿಹೋಗಿದೆ, ಕೂಗಾಟ ನಿಂತಿದೆ. ಆದರೆ ಎದುರು ಮನೆಯವರು ತನ್ನ ಬಗ್ಗೆಯೇ ಮಾತಾಡಿಕೊಂಡು ನಗುತ್ತಾರೆ ಅನ್ನುವ ಸಂಶಯ ಹಾಗೇ ಇದೆ. ಸಂಜೆ ಹೊತ್ತು ಬೈಯುವ ಧ್ವನಿ ಕೇಳಿಸುತ್ತದಂತೆ. ‘ಹಾಗೇನೂ ಇಲ್ಲ ಕಣೋ’ ಅಂದರೆ ಜಗಳ. ಈಗ ಡಾಕ್ಟರು ಸೈಕಾಲಜಿಸ್ಟ್ ಹತ್ತಿರ ತರಬೇತಿಗೆ ಕಳಿಸಿ ಎಂದಿದ್ದಾರೆ. ಮಾತಾಡಿದರೆ ಇಂಥ ಕಾಯಿಲೆ ಕಡಿಮೆಯಾಗುತ್ತದಾ? ಮಾತ್ರೆ ಬಿಡಬಹುದಾ? ಮನೆಯಲ್ಲಿ ನಾವು ಹೇಗಿರಬೇಕು?

ಉತ್ತರ: ನಿಮ್ಮ ಡಾಕ್ಟರು ಒಳ್ಳೆಯ ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಕಳಿಸಿ. ಮಾತ್ರೆ ಶುರು ಮಾಡಿದ ಮೇಲೆ ಗಲಾಟೆ ನಿಂತಿತು, ಇನ್ನೇನು ಬೇಕು ಎಂದು ಎಷ್ಟೋ ಮನೆಗಳಲ್ಲಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಉಳಿದ ಸಂಶಯ, ಉಳಿದ ಧ್ವನಿ ಆ ಹುಡುಗನನ್ನು ಒಳಗೇ ತಿನ್ನುತ್ತಿರುತ್ತವೆ. ಅವನು ಹೊರಗೆ ಹೋಗುವುದಿಲ್ಲ, ಕೆಲಸಕ್ಕೆ ಸೇರುವುದಿಲ್ಲ.

‘ಹಾಗೇನೂ ಇಲ್ಲ’ ಅಂದಾಗ ಜಗಳ ಯಾಕಾಗುತ್ತದೆ ಎನ್ನುವುದನ್ನು ಮೊದಲು ನೋಡೋಣ. 1988ರಲ್ಲಿ ಲಂಡನ್ನಿನ ಮನೋವಿಜ್ಞಾನಿಗಳು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಎರಡು ಜಾಡಿ. ಒಂದರಲ್ಲಿ ಒಂದು ಬಣ್ಣದ 85 ಮಣಿ, ಇನ್ನೊಂದು ಬಣ್ಣದ 15. ಎರಡನೇ ಜಾಡಿಯಲ್ಲಿ ಇದು ತಿರುಗುಮುರುಗು. ಯಾವುದೋ ಒಂದು ಜಾಡಿಯಿಂದ ಒಂದೊಂದೇ ಮಣಿ ತೆಗೆದು ತೋರಿಸುತ್ತಾರೆ. ಇದು ಯಾವ ಜಾಡಿ ಎಂದು ಖಾತ್ರಿಯಾದಾಗ ಹೇಳಬೇಕು. ಸಂಶಯದ ಕಾಯಿಲೆ ಇದ್ದವರಲ್ಲಿ ಹಲವರು ಒಂದೆರಡು ಮಣಿ ನೋಡಿಯೇ ತೀರ್ಮಾನ ಹೇಳಿಬಿಟ್ಟರು. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಇದೇ ಕಂಡುಬಂದಿದೆ.

ಹೀಗೆ ಮಾಡುವವರು ದಡ್ಡರೇನೂ ಅಲ್ಲ. ತುಂಬ ಕಡಿಮೆ ಸಾಕ್ಷಿಗೇ ಅವರ ಮನಸ್ಸಿಗೆ ಖಾತ್ರಿ ಆಗಿಬಿಡುತ್ತದೆ, ಅಷ್ಟೇ. ಎದುರು ಮನೆಯಲ್ಲಿ ಯಾರೋ ನಕ್ಕರು. ಅದೇ ಹೊತ್ತಿಗೆ ನಿಮ್ಮ ತಮ್ಮ ಬಾಗಿಲಿಗೆ ಬಂದ. ಅವನಿಗೆ ಅಷ್ಟು ಸಾಕು. ನೀವು ಅದನ್ನು ಸುಳ್ಳು ಎಂದಾಗ, ಕಣ್ಣಾರೆ ಕಂಡದ್ದನ್ನೇ ಅಕ್ಕ ಇಲ್ಲ ಅಂತಿದ್ದಾಳಲ್ಲ ಎಂದು ಅನಿಸುತ್ತದೆ. ಕೋಪ ಬರದೆ ಇರುತ್ತದಾ?

ಈ ಅವಸರವನ್ನೇ ಹಿಡಿದು ಕೆಲಸ ಮಾಡುವ ತರಬೇತಿಯ ಹೆಸರು ಮೆಟಾಕಾಗ್ನಿಟಿವ್ ಟ್ರೇನಿಂಗ್, ಚಿಕ್ಕದಾಗಿ ಎಂಸಿಟಿ. ಜರ್ಮನಿಯ ಹ್ಯಾಂಬರ್ಗಿನ ಸ್ಟೆಫೆನ್ ಮೋರಿಟ್ಜ್ ಮತ್ತು ಕೆನಡಾದ ಟಾಡ್ ವುಡ್‌ವರ್ಡ್ ಇದನ್ನು ರೂಪಿಸಿದರು. ಮೂಲದಲ್ಲಿ ಎಂಟು ಪಾಠಗಳಿವೆ. ಸಾಮಾನ್ಯವಾಗಿ ಮೂರರಿಂದ ಹತ್ತು ಜನ ಒಟ್ಟಿಗೆ ಕೂರುತ್ತಾರೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಇದರಲ್ಲಿ ನನಗೆ ತುಂಬ ಇಷ್ಟವಾಗುವುದು ಒಂದೇ ವಿಷಯ: ರೋಗಿಯ ನಂಬಿಕೆಯನ್ನು ಮೊದಲೇ ಮುಟ್ಟುವುದಿಲ್ಲ. ಎದುರು ಮನೆಯ ಮಾತೇ ಬರುವುದಿಲ್ಲ. ಒಂದು ಚಿತ್ರವನ್ನು ಗೆರೆ ಗೆರೆಯಾಗಿ ತೋರಿಸುತ್ತಾ ಹೋಗುತ್ತಾರೆ. ಇದೇನು ಅಂತ ಗುಂಪು ಊಹಿಸಬೇಕು. ನಾಲ್ಕು ಗೆರೆ ಕಂಡಾಗ ಎಲ್ಲರೂ ಒಂದು ಉತ್ತರ ಹೇಳುತ್ತಾರೆ. ಪೂರ್ತಿ ಚಿತ್ರ ಬಂದಾಗ ಅದು ಬೇರೆಯೇ ಆಗಿರುತ್ತದೆ. ಇನ್ನೊಂದು ಪಾಠದಲ್ಲಿ ಸಮುದ್ರ ತೀರದಂಥ ಒಂದು ದೃಶ್ಯ ತೋರಿಸಿ, ಅದರಲ್ಲಿ ಏನೇನಿತ್ತು ಎಂದು ಕೇಳುತ್ತಾರೆ. ಅಲ್ಲಿ ಇಲ್ಲದ ವಸ್ತುವನ್ನೂ ‘ಇತ್ತು, ನಾನೇ ನೋಡಿದೆ’ ಅಂತ ಗಟ್ಟಿಯಾಗಿ ಹೇಳುವವರಿರುತ್ತಾರೆ. ಕಾಯಿಲೆ ಇಲ್ಲದವರೂ ಇದರಲ್ಲಿ ಎಡವುತ್ತಾರೆ, ನಾನೂ ನೀವೂ ಸೇರಿ. ಹಾಗಾಗಿ ಯಾರಿಗೂ ಅವಮಾನ ಆಗುವುದಿಲ್ಲ. ‘ಖಾತ್ರಿ ಅನಿಸಿದ್ದೂ ತಪ್ಪಾಗಿರಬಹುದು, ಇನ್ನೊಂದು ಸಾಕ್ಷಿ ಬರುವವರೆಗೆ ಕಾಯೋಣ’ ಎನ್ನುವ ಅಭ್ಯಾಸ ಮೆಲ್ಲಗೆ ಬರುತ್ತದೆ. ಅದನ್ನು ತನ್ನ ಬದುಕಿಗೆ ಹಚ್ಚಿ ನೋಡುವ ಕೆಲಸ ಆಮೇಲೆ. ‘ಅವರು ನಕ್ಕಿದ್ದಕ್ಕೆ ಬೇರೆ ಏನೇನು ಕಾರಣ ಇರಬಹುದು?’ ಎಂದು ಅವನೇ ಪಟ್ಟಿ ಮಾಡುವ ದಿನ ಬಂದರೆ, ಅದು ದೊಡ್ಡ ಗೆಲುವು.

2022ರಲ್ಲಿ ಸುಮಾರು 40 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಂಶಯ, ಧ್ವನಿ ಎರಡರಲ್ಲೂ ಇಳಿಕೆ ಕಂಡಿತು. ಲಾಭ ಒಂದು ವರ್ಷದವರೆಗೂ ಉಳಿದಿತ್ತು. ಪವಾಡ ಅಂತ ಹೇಳುವಷ್ಟು ದೊಡ್ಡ ಇಳಿಕೆ ಅಲ್ಲ, ಚಿಕ್ಕದರಿಂದ ಮಧ್ಯಮ ಮಟ್ಟದ್ದು. ಆದರೆ ‘ನೂರಕ್ಕೆ ನೂರು ಖಚಿತ’ ಎನ್ನುವವನು ‘ಎಪ್ಪತ್ತು’ ಅಂದರೆ ಬಾಗಿಲು ತೆಗೆದು ಅಂಗಡಿಗೆ ಹೋಗಿ ಬರುವ ಧೈರ್ಯ ಬರುತ್ತದೆ. ನಮಗೆ ಬೇಕಾದ್ದು ಅದೇ ಅಲ್ವಾ?

ಒಬ್ಬರ ಜೊತೆ ಒಬ್ಬರು ಕೂತು ಮಾಡುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಮಾತಿನ ಮೂಲಕ ಬದಲಿಸುವ ಚಿಕಿತ್ಸೆ, ಇದಕ್ಕಿಂತ ಹಳೆಯದು. ಅಮೆರಿಕದ ಏರನ್ ಬೆಕ್ 1952ರಲ್ಲೇ ಒಬ್ಬ ರೋಗಿಯ ಸಂಶಯವನ್ನು ಮಾತಿನ ಮೂಲಕ ಸಡಿಲಿಸಿದ್ದನ್ನು ಬರೆದಿದ್ದರು. ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ ಕನಿಷ್ಠ 16 ಭೇಟಿ ಬೇಕು ಎನ್ನುತ್ತದೆ. ಎರಡು ಸಲ ಹೋಗಿ ‘ಏನೂ ಆಗಲಿಲ್ಲ’ ಅಂತ ಬಿಡಬೇಡಿ.

ಇನ್ನು ಧ್ವನಿಗಳ ವಿಷಯ. ಧ್ವನಿ ಪೂರ್ತಿ ನಿಲ್ಲದಿದ್ದರೂ ಅದರ ಹಿಡಿತ ಕಡಿಮೆಯಾದರೆ ಬದುಕು ಹಗುರವಾಗುತ್ತದೆ. ಯಾವಾಗ ಬಂತು, ಆಗ ಒಬ್ಬನೇ ಇದ್ದನಾ, ಹಸಿವಿತ್ತಾ, ಏನು ಮಾಡಿದಾಗ ಕಡಿಮೆಯಾಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿಕೊಡುತ್ತಾರೆ. ನಿಮ್ಮ ತಮ್ಮನಿಗೆ ಸಂಜೆ ಹೊತ್ತೇ ಬರುತ್ತದೆ ಅನ್ನುವುದು ಒಳ್ಳೆಯ ಸುಳಿವು. ಆ ಹೊತ್ತಿಗೆ ಕೈಗೆ ಕೆಲಸ, ಬಾಯಿಗೆ ಮಾತು ಇರಲಿ. ಮೆಲ್ಲಗೆ ಹಾಡು ಗುನುಗುವುದು, ಪೇಪರ್ ಜೋರಾಗಿ ಓದುವುದು ಹಲವರಿಗೆ ನೆರವಾಗುತ್ತದೆ. ಬಸ್ಸಿನಲ್ಲಿ ಧ್ವನಿಗೆ ಉತ್ತರ ಕೊಡಲೇಬೇಕು ಅನಿಸಿದರೆ ಮೊಬೈಲನ್ನು ಕಿವಿಗೆ ಹಿಡಿದುಕೊಂಡು ಮಾತಾಡಬಹುದು. ಜನ ತಿರುಗಿ ನೋಡುವುದಿಲ್ಲ.

ಧ್ವನಿಯ ಜೊತೆಗಿನ ಸಂಬಂಧ ಬದಲಾಗಬಹುದು ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್‌ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾ, ಘಾನಾದ ಆಕ್ರಾ ಮತ್ತು ಚೆನ್ನೈಯಲ್ಲಿ ಧ್ವನಿ ಕೇಳಿಸುವ ತಲಾ 20 ಜನರನ್ನು ಮಾತಾಡಿಸಿದರು. ಕ್ಯಾಲಿಫೋರ್ನಿಯಾದವರಿಗೆ ಧ್ವನಿ ಅಂದರೆ ಹೆಚ್ಚಾಗಿ ಹಿಂಸೆ, ಯುದ್ಧ, ದಾಳಿ. ಚೆನ್ನೈಯವರಲ್ಲಿ ಅರ್ಧಕ್ಕೂ ಜಾಸ್ತಿ ಜನ ಕೇಳುತ್ತಿದ್ದುದು ನೆಂಟರ ಧ್ವನಿ. ಸ್ನಾನ ಮಾಡು, ಅಡುಗೆ ಮಾಡು ಎಂದು ಬುದ್ಧಿ ಹೇಳುವ, ಕೆಲವೊಮ್ಮೆ ಬೈಯುವ ಹಿರಿಯರು. ಕಾಯಿಲೆ ಒಂದೇ, ಅನುಭವ ಬೇರೆ. ಲಂಡನ್ನಿನ ಜೂಲಿಯನ್ ಲೆಫ್ ಶುರು ಮಾಡಿದ ಅವತಾರ್ ಥೆರಪಿಯಲ್ಲಿ ಬೈಯುವ ಧ್ವನಿಗೆ ಕಂಪ್ಯೂಟರಿನಲ್ಲಿ ಒಂದು ಮುಖ ಕೊಡುತ್ತಾರೆ. ರೋಗಿ ಅದಕ್ಕೆ ಎದುರುತ್ತರ ಕೊಡಲು ಕಲಿಯುತ್ತಾನೆ. 150 ಜನರ ಪರೀಕ್ಷೆಯಲ್ಲಿ 12 ವಾರಕ್ಕೆ ಇದು ಸಾಮಾನ್ಯ ಕೌನ್ಸೆಲಿಂಗ್‌ಗಿಂತ ಮೇಲಾಗಿತ್ತು. 24 ವಾರಕ್ಕೆ ವ್ಯತ್ಯಾಸ ಉಳಿಯಲಿಲ್ಲ. ಇದಕ್ಕಾಗಿ ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಮಾತ್ರೆ ಬಿಡಬಹುದಾ ಎಂದು ಕೇಳಿದ್ದೀರಿ. ಬೇಡ. ತರಬೇತಿ ಮಾತ್ರೆಯ ಜೊತೆಗೆ ನಡೆಯಬೇಕಾದದ್ದು. ತೂಕ ಜಾಸ್ತಿ ಆಗುತ್ತಿದೆ, ಮಂಕು ಅನಿಸುತ್ತಿದೆ ಅಂದರೆ ಡಾಕ್ಟರಿಗೆ ಹೇಳಿ. ಪ್ರಮಾಣ ಬದಲಿಸಲು, ಬೇರೆ ಮಾತ್ರೆ ಕೊಡಲು ದಾರಿಗಳಿವೆ. ನಿಮ್ಮಷ್ಟಕ್ಕೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ತುಂಬ ಹೆಚ್ಚು.

ಮನೆಯವರು ಹೇಗಿರಬೇಕು? ಇದನ್ನು ನಾನು ಚಿಕ್ಕ ವಿಷಯ ಅಂದುಕೊಂಡಿಲ್ಲ. ಆಸ್ಪತ್ರೆಯಿಂದ ಹೋದ ಮೇಲೆ ಯಾರಿಗೆ ಕಾಯಿಲೆ ಮರಳುತ್ತದೆ ಎಂದು ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಹುಡುಕಿದರು. ಸದಾ ಟೀಕೆ, ಸಿಟ್ಟು, ಅತಿಯಾದ ಕಾವಲು ಇರುವ ಮನೆಗಳಲ್ಲಿ ಅದು ಜಾಸ್ತಿ. ಮುಂದೆ ಚಂಡೀಗಢದಲ್ಲಿ ನಡೆದ ಅಧ್ಯಯನದಲ್ಲಿ ಭಾರತದ ಕುಟುಂಬಗಳಲ್ಲಿ ಇಂಥ ಟೀಕೆ ಕಡಿಮೆ ಎಂದು ಕಂಡಿತು. ನಮ್ಮ ಕುಟುಂಬಗಳ ತಾಳ್ಮೆಯೇ ಒಂದು ಔಷಧಿ. ಆದರೆ ಎರಡು ವರ್ಷ ನೋಡಿಕೊಂಡವರಿಗೆ ಸುಸ್ತಾಗುತ್ತದೆ. ಅದು ತಪ್ಪಲ್ಲ.

ಅವನು ‘ನನ್ನ ಬಗ್ಗೆ ಮಾತಾಡ್ತಿದಾರೆ’ ಅಂದಾಗ ಹೌದು ಅನ್ನಬೇಡಿ, ಸುಳ್ಳು ಅಂತಲೂ ಅನ್ನಬೇಡಿ. ‘ನನಗೆ ಕೇಳಿಸ್ತಿಲ್ಲ ಕಣೋ. ಆದ್ರೆ ನಿನಗೆ ತುಂಬ ಕಷ್ಟ ಆಗ್ತಿದೆ ಅಂತ ಗೊತ್ತಾಗ್ತಿದೆ. ಬಾ, ಸ್ವಲ್ಪ ಟೀ ಕುಡಿಯೋಣ’ ಅನ್ನಿ. ಅವನ ಭಯವನ್ನು ಒಪ್ಪಿಕೊಂಡಿರಿ, ಸಂಶಯವನ್ನು ಬೆಳೆಸಲಿಲ್ಲ. ‘ಸೋಂಬೇರಿ’ ಅನ್ನುವ ಮಾತು ಮನೆಯಲ್ಲಿ ಬೇಡ. ಏಳಲು ಆಗದಿರುವುದೂ ಈ ಕಾಯಿಲೆಯ ಲಕ್ಷಣವೇ. ಒಂದು ಚಿಕ್ಕ ಕೆಲಸ ಕೊಡಿ, ಹಾಲು ತರುವುದೋ ಗಿಡಕ್ಕೆ ನೀರು ಹಾಕುವುದೋ. ಮಾಡಿದಾಗ ಒಂದು ಒಳ್ಳೆಯ ಮಾತು ಹೇಳಿ. ದೇವರಿಗೆ ಹರಕೆ ಹೊತ್ತಿದ್ದರೆ ನನ್ನ ಅಡ್ಡಿ ಇಲ್ಲ. ಅದರ ಹೆಸರಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಮಾತ್ರೆ ನಿಲ್ಲಿಸುವುದು ಮಾತ್ರ ಖಂಡಿತ ಬೇಡ.

ತರಬೇತಿ ಎಲ್ಲಿ ಸಿಗುತ್ತದೆ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಇರುವ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಮೊದಲ ಆಯ್ಕೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೋಗಿಯ ಜೊತೆ ಮನೆಯವರೂ ಉಳಿದುಕೊಂಡು ಕಲಿಯುವ ಫ್ಯಾಮಿಲಿ ವಾರ್ಡ್ ಇದೆ. ಎಂಸಿಟಿಯ ಪಾಠಗಳು ಹಲವು ಭಾಷೆಗಳಲ್ಲಿ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡದಲ್ಲಿ ಹೇಳಿಕೊಡಿ ಎಂದು ಸೈಕಾಲಜಿಸ್ಟ್‌ರನ್ನು ಸಂಕೋಚವಿಲ್ಲದೆ ಕೇಳಿ.

ಧ್ವನಿ ‘ಸಾಯಿ’, ‘ಅವರನ್ನು ಹೊಡಿ’ ಎಂದು ಆಜ್ಞೆ ಮಾಡುತ್ತಿದೆ ಅಂದರೆ, ಊಟ ನಿದ್ದೆ ಬಿಟ್ಟರೆ, ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಧ್ಯರಾತ್ರಿ ಏನು ಮಾಡಬೇಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ನಿಮಗೇ ತಡೆಯಲಾಗದಷ್ಟು ಸುಸ್ತಾದ ದಿನವೂ ಮಾಡಬಹುದು.