ಜೀವಾವಧಿ ಎಂದರೆ 14 ವರ್ಷವಲ್ಲ

ಪ್ರಶ್ನೆ: ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದ ನನ್ನ ಸೋದರಮಾವ ಜೈಲು ಸೇರಿ 13 ವರ್ಷವಾಯಿತು. ಮುಂದಿನ ವರ್ಷ ತಾನಾಗಿಯೇ ಬಿಡುಗಡೆಯಾಗುತ್ತದೆಯಲ್ಲವೇ? ಸನ್ನಡತೆಯ ಪಟ್ಟಿಗೆ ಹೆಸರು ಸೇರಿಸಲು ಮಧ್ಯವರ್ತಿಯೊಬ್ಬರು ಹಣ ಕೇಳುತ್ತಿದ್ದಾರೆ.

ಉತ್ತರ: ಆ ಹಣವನ್ನು ದಯವಿಟ್ಟು ಕೊಡಬೇಡಿ. ಈ ತಪ್ಪು ಲೆಕ್ಕವನ್ನು ಎಷ್ಟು ಸಲ ತಿದ್ದಿದರೂ ಅದೇ ಪ್ರಶ್ನೆ ಮತ್ತೆ ಬರುತ್ತದೆ, ಅದನ್ನು ನಂಬಿದ ಕುಟುಂಬಗಳು ಸಾಲ ಮಾಡಿ ಮೋಸಹೋಗುವುದನ್ನು ಕಂಡು ನನಗೆ ಬೇಸರವೂ ಸಿಟ್ಟೂ ಆಗುತ್ತದೆ. ಜೀವಾವಧಿ ಎಂದರೆ ಅಪರಾಧಿಯ ಆಯುಷ್ಯ ಮುಗಿಯುವವರೆಗಿನ ಸೆರೆವಾಸವೆಂದು ಸುಪ್ರೀಂ ಕೋರ್ಟ್ 1961ರಲ್ಲಿ ಗೋಪಾಲ ಗೋಡ್ಸೆ ಪ್ರಕರಣದಲ್ಲೇ ಹೇಳಿದೆ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಗಿದ್ದರೆ, ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆಯದೆ ಬಿಡುಗಡೆ ಮಾಡಬಾರದೆಂದು ಸರ್ಕಾರಗಳ ಕೈ ಕಟ್ಟಲು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಕಲಂ ಸೇರಿಸಲಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 475ನೇ ಕಲಂ. ಕೈದಿಯನ್ನು ಒಳಗಿರಿಸಲು ಮಾಡಿದ ನಿಯಮವನ್ನು ಜನ ಹೊರಬರುವ ದಿನಾಂಕವೆಂದು ಓದಿಕೊಂಡಿದ್ದಾರೆ. ಸನ್ನಡತೆಗೆ ಸಿಕ್ಕ ಮಾಫಿ ದಿನಗಳನ್ನು ಕೂಡಿಸಿ ಈ 14 ವರ್ಷವನ್ನು ತುಂಬಿಸುವಂತೆಯೂ ಇಲ್ಲ.

ಆ ಅವಧಿ ಮುಗಿದ ಮೇಲೆ ನಿಮ್ಮ ಮಾವನಿಗೆ ಇರುವುದು ಅವಧಿಪೂರ್ವ ಬಿಡುಗಡೆಯ ಕೋರಿಕೆಯನ್ನು ಪರಿಗಣಿಸಿ ಎಂದು ಕೇಳುವ ಹಕ್ಕು ಮಾತ್ರ. ಅಪರಾಧದ ಸ್ವರೂಪ, ಜೈಲಿನ ನಡತೆ ಮತ್ತು ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯವನ್ನು ನೋಡಿ ಸರ್ಕಾರ ತೀರ್ಮಾನಿಸುತ್ತದೆ. ಆದರೆ ಅದಕ್ಕೂ ಮೊದಲು ಮೇಲ್ಮನವಿಯ ತೀರ್ಪಿನಲ್ಲಿರುವ ಶಿಕ್ಷೆಯ ಆದೇಶವನ್ನು ಪೂರ್ತಿ ಓದಿಸಿಕೊಳ್ಳಿ. 20, 25 ಅಥವಾ 30 ವರ್ಷ, ಇಲ್ಲವೇ ಜೀವಮಾನವಿಡೀ ಮಾಫಿಯಿಲ್ಲ ಎಂದು ಷರತ್ತು ವಿಧಿಸುವ ಅಧಿಕಾರ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಇದೆಯೆಂದು 2015ರಲ್ಲಿ ಸಂವಿಧಾನ ಪೀಠ ಎತ್ತಿಹಿಡಿದಿದೆ. ಅಂತಹ ಷರತ್ತು ಇದ್ದರೆ 14ರ ಮಾತೇ ಬರುವುದಿಲ್ಲ. ಅರ್ಜಿಯನ್ನು ಜೈಲು ಅಧೀಕ್ಷಕರ ಮೂಲಕ ಸಲ್ಲಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ನೆರವಾಗುತ್ತದೆ. ಬಿಡುಗಡೆಯ ಭರವಸೆ ಕೊಡುವವರು ವಕೀಲರೇ ಆಗಿದ್ದರೂ ನಾನು ನಂಬುವುದಿಲ್ಲ.

ಪ್ರಶ್ನೆ: ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನವೆಂದು ಎಣಿಸುತ್ತಾರೆಯೇ?

ಉತ್ತರ: ಇಲ್ಲ, ಅಂತಹ ಕಾನೂನು ಎಲ್ಲಿಯೂ ಇಲ್ಲ.

ಪ್ರಶ್ನೆ: ಎರಡೂ ಕಡೆಯವರು ರಾಜಿಯಾದರೆ ಕೊಲೆ ಪ್ರಕರಣ ಮುಗಿಯುತ್ತದೆಯೇ?

ಉತ್ತರ: ಮುಗಿಯುವುದಿಲ್ಲ. ಕೊಲೆ ರಾಜಿಗೆ ಒಳಪಡುವ ಅಪರಾಧವಲ್ಲ. ಅಲ್ಲಿ ಮೊಕದ್ದಮೆ ನಡೆಸುವುದು ಸರ್ಕಾರವೇ ಹೊರತು ಮೃತರ ಕುಟುಂಬವಲ್ಲ.